ಒಂಬತ್ತು ದಿನದ ನಂತರವೂ ಅದೇ ಉಸಿರು

‘ಭಾವನೆಯನ್ನು ಪುಸ್ತಕದಲ್ಲಿ ಬರೆದಿಡಲು ಆಗುತ್ತದೆಯೇ?’ ಎಂದು, ಚಿತ್ರೀಕರಣದಲ್ಲಿ ನಾನು ಪ್ರತಿ ದೃಶ್ಯಕ್ಕೂ ಪುಸ್ತಕದಲ್ಲಿ ಟಿಪ್ಪಣಿ ಬರೆಯುವುದನ್ನು ಕಂಡು ಜೊತೆಯ ನಟರು ಕೇಳುತ್ತಲೇ ಇದ್ದರು. ಭಾವನೆಯನ್ನು ಬರೆಯಲಾಗದು, ನಿಜ. ಉಸಿರನ್ನು ಬರೆಯಬಹುದು. ಕಳೆದ ಚಿತ್ರದ ಸುಮಾರು 40 ದಿನ ಹಾಗೆಯೇ ದುಡಿದೆ. ನನ್ನ ಒಂದು ದೃಶ್ಯಕ್ಕೂ ಸಂಕಲನಕಾರರು ಕತ್ತರಿ ಹಾಕಲಿಲ್ಲ.

ಮೊದಲು ಹಾಗಿರಲಿಲ್ಲ. ನಾಟಕದಿಂದ ಬಂದವನು ನಾನು. ಮೊದಲ ದೃಶ್ಯದಿಂದ ಕೊನೆಯದರವರೆಗೆ ಏರುತ್ತಾ ಹೋಗುವುದಷ್ಟೇ ಗೊತ್ತಿತ್ತು. ಸಿನಿಮಾದ ಚಿತ್ರೀಕರಣ ಕಥೆಯ ಕ್ರಮದಲ್ಲೇ ನಡೆಯುವುದಿಲ್ಲ. ಒಂದು ಚಿತ್ರದಲ್ಲಿ ಮೊದಲ ದಿನವೇ ಮಗನ ಸಾವಿನ ದೃಶ್ಯ ಇಟ್ಟರು. ಇಡೀ ದೃಶ್ಯವನ್ನು ದೂರದಿಂದ ಒಂದೇ ಓಟದಲ್ಲಿ ಹಿಡಿಯುವ ಮಾಸ್ಟರ್ ಶಾಟ್‌ನಲ್ಲಿ ನಾಲ್ಕು ಟೇಕ್ ಮನಸಾರೆ ಅತ್ತೆ. ಬೆಳಕು ಬದಲಿಸಲು ಒಂದೂವರೆ ಗಂಟೆ ಹಿಡಿಯಿತು. ನನ್ನ ಕ್ಲೋಸಪ್ ಬರುವ ಹೊತ್ತಿಗೆ ಒಳಗೆ ಏನೂ ಉಳಿದಿರಲಿಲ್ಲ. ಗ್ಲಿಸರಿನ್ ಹಾಕಿದರು. ಕಣ್ಣೀರು ಬಂತು, ಎದೆ ಅಲುಗಲಿಲ್ಲ. ಎದೆ ಅಲುಗದ ಅಳು ಪರದೆಯ ಮೇಲೆ ತಕ್ಷಣ ಸಿಕ್ಕಿಬೀಳುತ್ತದೆ. ಕೊನೆಗೆ ಆ ದೃಶ್ಯದಲ್ಲಿ ಉಳಿದದ್ದು ನನ್ನ ಬೆನ್ನು. ಸಂಭಾವನೆಯ ಕಾಲು ಭಾಗ ಇಂದಿಗೂ ಬಂದಿಲ್ಲ. ಆಮೇಲೆ ಏಳೆಂಟು ತಿಂಗಳು ಒಂದು ದಿನ, ಎರಡು ದಿನದ ಪಾತ್ರಗಳಲ್ಲೇ ಕಳೆದೆ.

ಈಗ ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ಜೋಡಿಸಿಕೊಂಡು ಪ್ರತಿಯೊಂದಕ್ಕೂ ಒಂದು ಸಾಲು ಬರೆಯುತ್ತೇನೆ: ಎಲ್ಲಿಂದ ಬಂದೆ, ಎಷ್ಟು ದೂರ ನಡೆದೆ, ಉಸಿರು ಹೊಟ್ಟೆಯಲ್ಲಿದೆಯೋ ಎದೆಯಲ್ಲೋ ಗಂಟಲಲ್ಲೋ. ಮಾಸ್ಟರ್ ಮುಗಿದೊಡನೆ ಇನ್ನೊಂದು ಸಾಲು: ಯಾವ ಪದಕ್ಕೆ ಲೋಟ ಎತ್ತಿದೆ, ಯಾವ ಪದಕ್ಕೆ ಉಸಿರು ಬಿಟ್ಟೆ. ಲೋಟವನ್ನು, ಒಂದು ಶಾಟ್ ಇನ್ನೊಂದಕ್ಕೆ ಹೊಂದುವಂತೆ ಕಾಯುವ ಕಂಟಿನ್ಯೂಟಿಯವರು ನೋಡಿಕೊಳ್ಳುತ್ತಾರೆ. ಉಸಿರಿಗೆ ಯಾರೂ ಇಲ್ಲ, ಅದು ನಮ್ಮದೇ ಹೊಣೆ.

ನಟ ಬಂದು ನಿಲ್ಲಬೇಕಾದ ಜಾಗಕ್ಕೆ ನೆಲದಲ್ಲಿ ಹಾಕುವ ಗುರುತಾದ ಮಾರ್ಕ್‌ನಿಂದ ಹಿಂದಕ್ಕೆ ಹೆಜ್ಜೆ ಎಣಿಸುವುದು ಎಲ್ಲರೂ ಮಾಡುವುದೇ. ನಾನು ಕೊನೆಯ ಮೂರು ಹೆಜ್ಜೆಗಳಿಗೆ ಮೂರು ಪದ ಕಟ್ಟುತ್ತೇನೆ, ಕಣ್ಣು ನೆಲಕ್ಕೆ ಇಳಿಯುವುದೇ ಇಲ್ಲ. ಉದ್ದನೆಯ ಲೆನ್ಸ್ ಹಾಕಿದಾಗ ಅರ್ಧ ಹೆಜ್ಜೆ ತಪ್ಪಿದರೂ ಮುಖ ಮಸುಕು; ಬೈಗುಳ ಮಾತ್ರ ಪಾಪ, ಫೋಕಸ್ ಹಿಡಿಯುವ ಹುಡುಗನಿಗೆ.

ಎಲ್ಲ ಪ್ರಯೋಗವೂ ಫಲಿಸಲಿಲ್ಲ. ಏದುಸಿರಿಗೆಂದು ಶಾಟ್‌ಗೆ ಮುಂಚೆ ಓಡಿ ನೋಡಿದೆ. ಕ್ಲ್ಯಾಪ್ ಬೀಳಲು ಮೂರು ನಾಲ್ಕು ನಿಮಿಷ ತಡವಾಗಿ, ಉಸಿರು ಇಳಿದು ಬೆವರಷ್ಟೇ ಉಳಿಯಿತು, ಮೇಕಪ್‌ನವರು ಸಿಟ್ಟಾದರು. ದಣಿದ ನಡಿಗೆಗೆಂದು ಬೂಟಿನೊಳಗೆ ಕಲ್ಲು ಹಾಕಿದೆ. ನಡಿಗೆ ಚೆನ್ನಾಗಿಯೇ ಬಂತು, ಆದರೆ ಕಲ್ಲಿನ ಸದ್ದು ಮೈಕಿಗೆ ಕೇಳಿಸಿತು.

ಕಳೆದ ಚಿತ್ರದಲ್ಲಿ ಆಸ್ಪತ್ರೆಯ ದೃಶ್ಯದ ಮಾಸ್ಟರ್ ಒಂದು ದಿನ ಆಯಿತು, ನನ್ನ ಕ್ಲೋಸಪ್ ಒಂಬತ್ತು ದಿನಗಳ ನಂತರ. ಪುಸ್ತಕ ತೆರೆದು ಸಾಲು ಓದಿಕೊಂಡೆ: ‘ಉಸಿರು ಗಂಟಲಲ್ಲಿ. “ಮನೆಗೆ” ಎಂಬಲ್ಲಿ ಬಿಟ್ಟೆ.’ ಎರಡನೇ ಟೇಕ್‌ಗೇ ಒಪ್ಪಿಗೆಯಾಯಿತು. ಎರಡೂ ಒಂದೇ ಗಳಿಗೆಯಲ್ಲಿ ತೆಗೆದಂತೆ ಕೂಡಿಕೊಂಡಿವೆ ಎಂದರು ಸಂಕಲನಕಾರರು.

ಮೊದಲು ಅನುಮಾನಪಟ್ಟಿದ್ದ ಗೆಳೆಯನೊಬ್ಬ ಮೊನ್ನೆ ಪುಸ್ತಕ ಕೇಳಿ ಪಡೆದು ನಕಲು ಮಾಡಿಕೊಂಡ. ಕ್ಯಾಮೆರಾ ಓಡತೊಡಗಿತೆಂಬ ‘ರೋಲಿಂಗ್’ ಮತ್ತು ನಟನೆ ಶುರುಮಾಡೆಂಬ ‘ಆ್ಯಕ್ಷನ್’ ನಡುವಿನ ಆ ಕೆಲವು ಸೆಕೆಂಡುಗಳಲ್ಲಿ ನಾನು ಏನು ಮಾಡುತ್ತೇನೆ ಎಂಬುದು ಅದರಲ್ಲಿಲ್ಲ. ಅದನ್ನು ಅವನಿಗೂ ಹೇಳಿಲ್ಲ.