ಆಯಿಲ್ ಸೀಲಲ್ಲ, ಶಿಮ್: ಹಳೆ ಜೀಪಿನ ಹಿಂದಿನ ಆಕ್ಸಲ್ ಸೋರಿಕೆ ನಿಲ್ಲಿಸಿದ ಬಗೆ

ಜೀಪಿನ ಹಿಂದಿನ ಆಕ್ಸಲ್‌ನಿಂದ ಬ್ರೇಕ್ ಡ್ರಮ್‌ಗೆ ಗೇರ್ ಆಯಿಲ್ ಸೋರುವುದನ್ನು ನಿಲ್ಲಿಸಿ ಎರಡು ಮಳೆಗಾಲ ದಾಟಿತು. ಮೊನ್ನೆ ಹಿಂದಿನ ಡ್ರಮ್ ಎರಡೂ ಬಿಚ್ಚಿ ನೋಡಿದೆ, ಒಳಗೆ ಬರೀ ಬ್ರೇಕ್ ಲೈನರ್ ಧೂಳು, ಒಂದು ತೊಟ್ಟು ಗೇರ್ ಆಯಿಲ್ ಇಲ್ಲ. ಸಕಲೇಶಪುರದ ಕಡೆ ನಾನು ಕೇಳಿದ ಮೆಕ್ಯಾನಿಕ್‌ಗಳೆಲ್ಲ ಹೇಳಿದ್ದು ಒಂದೇ ಮಾತು: "ಹೊಸ ಆಕ್ಸಲ್ ಹಾಕು, ಇಲ್ಲಾಂದ್ರೆ ಗುಜರಿಯಿಂದ ಪೂರ್ತಿ ಹೌಸಿಂಗ್ (ಹೊರಕವಚ) ತಂದು ಕೂರಿಸು. ಇದು ನಿಲ್ಲೋದಲ್ಲ." ನಿಂತಿದೆ. ಹಳೆಯ ಶಾಫ್ಟ್‌ನಲ್ಲೇ ನಿಂತಿದೆ. ಇಂಥ ಜೀಪು ಇಟ್ಟುಕೊಂಡವರು ನಮ್ಮ ಕಡೆ ಇನ್ನೂ ಬೇಕಾದಷ್ಟು ಜನ ಇರೋದರಿಂದ ಬರೆಯುತ್ತಿದ್ದೇನೆ.

ಗಾಡಿ ಮಹೀಂದ್ರಾದ ಹಳೆ ಫೋರ್‌ವೀಲ್ ಜೀಪು, ವಿಲ್ಲಿಸ್ ಸಿಜೆ-3ಬಿ ಅಚ್ಚಿನದು. ಹಿಂದಿನ ಆಕ್ಸಲ್ ಸ್ಪೈಸರ್ 44 ಅನ್ನುವ ಮಾದರಿ, ಒಳಗಿನ ದೊಡ್ಡ ಗೇರ್ ಕ್ರೌನ್‌ಗೆ 43 ಹಲ್ಲು, ಅದನ್ನು ತಿರುಗಿಸುವ ಚಿಕ್ಕ ಗೇರ್ ಪಿನಿಯನ್‌ಗೆ 8, ಅಂದರೆ ಅನುಪಾತ 5.38. ಶಾಫ್ಟ್ ತುದಿ ಟೇಪರ್ (ತುದಿಗೆ ಹೋಗುತ್ತ ಸಣ್ಣಗಾಗುವುದು), ಚಕ್ರ ಹಿಡಿಯುವ ಹಬ್ ಕೀ ಅನ್ನುವ ಲೋಹದ ಬೆಣೆಯ ಮೇಲೆ ಕೂರುವ ಜಾತಿ. ಫ್ಲೇಂಜ್ ಆಕ್ಸಲ್ (ಹಬ್ ಶಾಫ್ಟ್‌ಗೇ ಅಂಟಿಕೊಂಡಿರುವುದು) ಇರುವ ಗಾಡಿಗಳಿಗೆ ನಾನು ಹೇಳುವ ಶಿಮ್, ಅಂದರೆ ಆಟ ಸರಿಪಡಿಸುವ ತೆಳು ಬಿಲ್ಲೆಯ ಮಾತು ಹೊಂದಲ್ಲ. ಆಯಿಲ್ ಮತ್ತು ಬ್ರೀದರ್ (ಗಾಳಿಕಿಂಡಿ) ಮಾತು ಎಲ್ಲದಕ್ಕೂ ಹೊಂದುತ್ತದೆ.

ಆಯಿಲ್‌ನಿಂದಲೇ ಶುರುಮಾಡುತ್ತೇನೆ. ಮಳೆ ಬಿಟ್ಟ ಮೇಲೆ, ಕಾಫಿ ಕುಯ್ಲಿಗೆ ಮುಂಚೆ, ಅಂದರೆ ಅಕ್ಟೋಬರ್ ಹೊತ್ತಿಗೆ ಬದಲಿಸಿಬಿಡಬೇಕು. ನಾಲ್ಕು ತಿಂಗಳು ಹಳ್ಳ ದಾಟಿದ ಆಯಿಲ್‌ನಲ್ಲಿ ಮೂಟೆ ಹೇರಿಕೊಂಡು ಏರು ಹತ್ತಿಸಿದರೆ ಮೊದಲು ಸಾಯುವುದು ಪಿನಿಯನ್ ಬೇರಿಂಗ್. ಡ್ರೈನ್ ಪ್ಲಗ್ ತೆಗೆದು ಸುಮ್ಮನಾಗುವುದನ್ನು ನಾನು ಬಿಟ್ಟು ಆರೇಳು ವರ್ಷ ಆಯಿತು. ಪ್ಲಗ್‌ನಿಂದ ಹರಿಯುವುದು ತೆಳುವಾದದ್ದು ಮಾತ್ರ, ಕೆಸರಿನ ಹಾಗೆ ಗಟ್ಟಿಯಾದದ್ದು ತಳದಲ್ಲೇ ಉಳಿಯುತ್ತದೆ. ಹತ್ತು ಬೋಲ್ಟ್ ಬಿಚ್ಚಿ ಕವರನ್ನೇ ತೆಗೆಯುತ್ತೇನೆ. ಆದರೆ ಅದಕ್ಕೂ ಮುಂಚೆ ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚುತ್ತದೆಯೇ ನೋಡಿಕೊಳ್ಳಿ. ನನ್ನದು ತುಕ್ಕು ಹಿಡಿದು ತಲೆ ಉರುಟಾಗಿ ಹೋಗಿತ್ತು. ಅದರ ಮೇಲೊಂದು ನಟ್ ಇಟ್ಟು ವೆಲ್ಡ್ ಮಾಡಿಸಿ, ಬಿಸಿ ಇರುವಾಗಲೇ ಸ್ಪ್ಯಾನರ್ ಹಾಕಿ ತಿರುಗಿಸಿದ ಮೇಲೆ ಬಂತು. ವೆಲ್ಡರ್ 100 ರೂಪಾಯಿ ತಗೊಂಡ. ಆಯಿಲ್ ಇಳಿಸಿದ ಮೇಲೆ ಇದು ಗೊತ್ತಾಗಿದ್ದರೆ ಗಾಡಿ ಅಲ್ಲೇ ಕೂತಿರುತ್ತಿತ್ತು.

ಇಳಿಸಿದ ಆಯಿಲ್ ಚೆಲ್ಲಬೇಡಿ. ಬಿಳಿ ಪಂಚೆ ತುಂಡಿನಲ್ಲಿ ಸೋಸಿ, ಬಿಸಿಲಲ್ಲಿ ಬಟ್ಟೆ ಹರಡಿ ನೋಡಿ. ಕಾಡಿಗೆ ಹಾಗೆ ನುಣ್ಣಗಿನ ಕಪ್ಪು ಪೇಸ್ಟ್ ಇದ್ದರೆ ಚಿಂತೆಯಿಲ್ಲ, ಅದು ಇರಲೇಬೇಕು. ತವಡಿನ ಹಾಗೆ ಚಪ್ಪಟೆ ಮಿನುಗು ಚೂರು ಕಂಡರೆ ಬೇರಿಂಗ್ ಮೇಲ್ಪದರ ಏಳುತ್ತಿದೆ ಅಂತ. ಮೂಲೆ ಮೂಲೆಯಾದ ದಪ್ಪ ಚೂರು ಸಿಕ್ಕರೆ ಹಲ್ಲು ಮುರಿದಿದೆ, ಮುಂದಕ್ಕೆ ಓಡಿಸಬೇಡಿ. ಬಣ್ಣ ಹಾಲು ಹಾಕಿದ ಟೀ ಥರ ಆಗಿದ್ದರೆ ನೀರು ಸೇರಿದೆ ಅಂತ ಎಲ್ಲರಿಗೂ ಗೊತ್ತು, ಆದರೆ ಸ್ವಲ್ಪ ನೀರಿದ್ದರೆ ಬಣ್ಣದಲ್ಲಿ ತಿಳಿಯುವುದಿಲ್ಲ. ಒಂದು ಹಳೆ ತಗಡು ಕಾಯಿಸಿ ಅದರ ಮೇಲೆ ಎರಡು ತೊಟ್ಟು ಬಿಡಿ. ಒಗ್ಗರಣೆ ಸಿಡಿದ ಹಾಗೆ ಚಟಪಟ ಅಂದರೆ ನೀರಿದೆ. ಸುಮ್ಮನೆ ಹೊಗೆಯಾಡಿದರೆ ಇಲ್ಲ.

ಒಳಗೆ ತೊಳೆಯಲು ಒಮ್ಮೆ ಡೀಸೆಲ್ ಹೊಡೆದಿದ್ದೆ. ತಪ್ಪು. ಹೌಸಿಂಗ್‌ನ ಎರಡು ಕೊಳವೆಗಳಲ್ಲಿ ಡೀಸೆಲ್ ನಿಲ್ಲುತ್ತದೆ, ಎಷ್ಟು ವಾಲಿಸಿದರೂ ಪೂರ್ತಿ ಬರಲ್ಲ. ಹೊಸ ಆಯಿಲ್ ಅದರ ಜೊತೆ ಸೇರಿ ತೆಳುವಾಗಿ, ವಾರದೊಳಗೆ ಬಲಗಡೆ ಡ್ರಮ್ ಒದ್ದೆ. ಈಗ ತಳವನ್ನು ಬಟ್ಟೆಯಲ್ಲಿ ಒರೆಸುತ್ತೇನೆ, ಅರ್ಧ ಲೀಟರ್ ಅಗ್ಗದ 90 ದಪ್ಪದ ಆಯಿಲ್ ಕ್ರೌನ್ ಮೇಲೆ ಸುರಿದು ಹರಿಯಬಿಡುತ್ತೇನೆ, ಅಷ್ಟೇ.

ಕವರ್ ಜೋಡಿಸುವಾಗ ಗ್ಯಾಸ್ಕೆಟ್ ಪೇಪರ್‌ಗೆ ಎರಡೂ ಕಡೆ ತೆಳ್ಳಗೆ ಶೆಲಾಕ್ ಸಾಕು. ಸಿಲಿಕಾನ್ ಟ್ಯೂಬ್ ಹಿಂಡಿ ದಪ್ಪಗೆ ಬಳಿದರೆ ಒಳಕ್ಕೆ ಉಬ್ಬಿದ್ದು ಕಳಚಿ ಆಯಿಲ್‌ನಲ್ಲಿ ಸುತ್ತುತ್ತಿರುತ್ತದೆ. ಪಿನಿಯನ್ ಬೇರಿಂಗ್‌ಗೆ ಆಯಿಲ್ ಹೋಗುವ ದಾರಿಯಲ್ಲಿ ಅಂಥದೊಂದು ಎಳೆ ಸಿಕ್ಕಿದ್ದನ್ನು ಬೇರೆ ಗಾಡಿಯಲ್ಲಿ ನೋಡಿದ್ದೇನೆ.

ಆಯಿಲ್ ಜಿಎಲ್-5 ದರ್ಜೆಯದು, ದಪ್ಪ 90. ನನ್ನ ಹಿಂದಿನ ಹೌಸಿಂಗ್‌ಗೆ ಒಂದೂಕಾಲು ಲೀಟರ್ ಹತ್ತಿರ ಹಿಡಿಯುತ್ತದೆ. ಅಳತೆ ನೋಡಿ ಸುರಿಯುವುದಕ್ಕಿಂತ ಗಾಡಿ ಮಟ್ಟಸವಾಗಿ ನಿಲ್ಲಿಸಿ, ಫಿಲ್ಲರ್ ತೂತಿನ ಕೆಳ ಅಂಚಿಗೆ ಬರುವವರೆಗೆ ಹಾಕುವುದೇ ಸರಿ. ಹಿಂಬದಿ ಜಾಕ್ ಮೇಲಿರುವಾಗಲೇ ತುಂಬಿಸಿದರೆ ಮಟ್ಟ ತಪ್ಪುತ್ತದೆ. ಒಂದು ಸಲ ಹಾಗೇ ಹೆಚ್ಚಾಗಿ, ಹೆಚ್ಚಾದದ್ದೆಲ್ಲ ಸೀಲ್ ಕಡೆಯಿಂದ ಹೊರಗೆ ಬಂತು. ಇದೇ ಡಬ್ಬಿಯ ಆಯಿಲನ್ನು ಗೇರ್‌ಬಾಕ್ಸ್‌ಗೂ ಹಾಕುವವರಿದ್ದಾರೆ. ಅಲ್ಲಿ ಹಿತ್ತಾಳೆ ಸಿಂಕ್ರೊ ರಿಂಗ್ (ಗೇರ್ ಸಲೀಸಾಗಿ ಬೀಳಿಸುವ ಬಳೆ) ಇದೆ, ಜಿಎಲ್-5 ಅದಕ್ಕೆ ಹಿಡಿಸಲ್ಲ, ಜಿಎಲ್-4 ಬೇರೆ ತನ್ನಿ. ಲೀಟರ್‌ಗೆ 350-400 ರೂಪಾಯಿ ಉಳಿಸಲು ಹೋಗಿ ಗೇರ್‌ಬಾಕ್ಸ್ ಇಳಿಸುವ ಕೆಲಸ ಯಾಕೆ?

ಸೋರಿಕೆ ನಿಲ್ಲಲಿ ಅಂತ ಇನ್ನೂ ದಪ್ಪದ 140 ಆಯಿಲ್ ಕೂಡ ಹಾಕಿ ನೋಡಿದೆ. ಸೋರುವುದು ನಿಧಾನವಾಯಿತು, ನಿಲ್ಲಲಿಲ್ಲ. ಡಿಸೆಂಬರ್ ಬೆಳಗ್ಗೆ ಮೊದಲ ಒಂದೆರಡು ಕಿಲೋಮೀಟರ್ ಗಾಡಿ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಭಾರ. ಕ್ರೌನ್ ಕೂಗು ಸ್ವಲ್ಪ ತಗ್ಗಿದ್ದು ನಿಜ. ಆದರೆ ಕೂಗು ತಗ್ಗಿತು ಅಂದರೆ ಸವೆತ ತಗ್ಗಿತು ಅಂತಲ್ಲ.

ಈಗ ಸೀಲಿನ ಮಾತು. ಒಂದೂವರೆ ವರ್ಷದಲ್ಲಿ ಒಳಗಿನ ಆಯಿಲ್ ಸೀಲ್ (ಶಾಫ್ಟ್ ಸುತ್ತ ಆಯಿಲ್ ತಡೆಯುವ ರಬ್ಬರ್ ತುಟಿಯ ಬಳೆ) ಮೂರು ಸಲ ಬದಲಿಸಿದ್ದೆ. ಸೀಲ್ 120-150 ರೂಪಾಯಿ, ಅದು ದೊಡ್ಡದಲ್ಲ. ಪ್ರತಿ ಸಲ ಆಯಿಲ್ ಕುಡಿದ ಲೈನರ್ ಸೆಟ್ 900ರ ಹತ್ತಿರ, ಮಜೂರಿ 1,500, ಆಯಿಲ್ ಬೇರೆ. ಎಲ್ಲ ಸೇರಿ ಎಂಟೊಂಬತ್ತು ಸಾವಿರ ಹೋಗಿರಬೇಕು. ಎರಡು ತಿಂಗಳು ಒಣಗಿರುತ್ತದೆ, ಮತ್ತೆ ಶುರು. ಸೋರುವುದಕ್ಕೆ ಕಾರಣ ಮೂರಿದ್ದವು, ಸೀಲ್ ಬದಲಿಸಿದರೆ ಅವುಗಳಲ್ಲಿ ಒಂದೂ ಹೋಗುವುದಿಲ್ಲ.

ಮೊದಲನೆಯದು ಬ್ರೀದರ್. ಹೌಸಿಂಗ್ ಮೇಲಿನ ಆ ಚಿಕ್ಕ ಟೋಪಿಯನ್ನು ಯಾರೂ ಮುಟ್ಟುವುದಿಲ್ಲ. ನನ್ನದರಲ್ಲಿ ಕೆಮ್ಮಣ್ಣು ಇಟ್ಟಿಗೆ ಹಾಗೆ ಗಟ್ಟಿಯಾಗಿತ್ತು. ಓಡುತ್ತ ಬಿಸಿಯಾದಾಗ ಒಳಗಿನ ಗಾಳಿಗೆ ಹೊರಹೋಗಲು ದಾರಿಯಿಲ್ಲ, ಸೀಲ್ ತುಟಿಯನ್ನು ಎತ್ತಿ ಆಯಿಲ್ ತಳ್ಳುತ್ತದೆ. ಅದೇ ಬಿಸಿ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದ ಕೂಡಲೇ ಗಾಳಿ ಕುಗ್ಗಿ ಅದೇ ತುಟಿಯ ಸಂದಿನಿಂದ ನೀರು ಎಳೆದುಕೊಳ್ಳುತ್ತದೆ. ಟೋಪಿ ಕಿತ್ತು ನಿಪ್ಪಲ್ ಹಾಕಿ, 8 ಮಿ.ಮೀ ಪೆಟ್ರೋಲ್ ಪೈಪನ್ನು ಚಾಸಿ ಗುಂಟ ಹಿಂದಿನ ಲ್ಯಾಂಪ್ ಎತ್ತರಕ್ಕೆ ಏರಿಸಿದೆ. ಸಸ್ಪೆನ್ಷನ್ ಪೂರ್ತಿ ಇಳಿದಾಗ ಎಳೆಯದಷ್ಟು ಸಡಿಲ ಬಿಡಬೇಕು, ಮಧ್ಯೆ ಎಲ್ಲೂ ತಗ್ಗು ಇರಬಾರದು, ಇದ್ದರೆ ಅಲ್ಲಿ ಆಯಿಲ್ ನಿಂತು ಮತ್ತೆ ಮುಚ್ಚುತ್ತದೆ. ಮೇಲಿನ ತುದಿಗೆ ಏನು ಹಾಕಿದ್ದೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಖರ್ಚು 200 ರೂಪಾಯಿ ಒಳಗೆ.

ಎರಡನೆಯದು ಶಾಫ್ಟ್ ಮೇಲಿನ ಗೀರು. ವರ್ಷಾನುಗಟ್ಟಲೆ ಸೀಲ್ ತುಟಿ ಒಂದೇ ಜಾಗದಲ್ಲಿ ಉಜ್ಜಿ ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿತ್ತು. ಎಡಗಡೆಯ ಶಾಫ್ಟ್‌ನಲ್ಲಿ ಕಣ್ಣಿಗೆ ಕಾಣುತ್ತಿತ್ತು, ಬಲಗಡೆಯದು ಉಗುರಿಗೆ ಮಾತ್ರ. ಹೊಸ ಸೀಲ್ ಅದೇ ಗೀರಿನ ಮೇಲೆ ಕೂತರೆ ಸೋರದೆ ಇನ್ನೇನು? ಸೀಲನ್ನು ತಳ ಮುಟ್ಟಿಸದೆ ಸುಮಾರು 2 ಮಿ.ಮೀ ಹೊರಗೇ ನಿಲ್ಲಿಸಿದೆ. ತುಟಿ ಹೊಸ ನುಣುಪಿನ ಮೇಲೆ ಓಡುತ್ತದೆ. ಹೊಡೆದು ಅಂದಾಜಿಗೆ ನಿಲ್ಲಿಸಿದರೆ ಸೊಟ್ಟ ಕೂರುತ್ತದೆ. ಲೇತ್‌ನಲ್ಲಿ 2 ಮಿ.ಮೀ ದಪ್ಪದ ರಿಂಗ್ ಕಡಿಸಿ ಹಿಂದೆ ಇಟ್ಟು ಅದಕ್ಕೆ ಸೀಲ್ ತಾಗಿಸಬೇಕು. ಜೋಡಿ ರಿಂಗ್‌ಗೆ 250 ಕೊಟ್ಟೆ. ಬೇರಿಂಗ್ ಕಪ್ (ಹೊರಬಳೆ) ಸೀಲಿಗೆ ತಾಗದಷ್ಟು ಜಾಗ ಇದೆಯೇ ಅಂತ ಮೊದಲು ಒಣದಾಗಿ ಜೋಡಿಸಿ ನೋಡಿಕೊಳ್ಳಿ.

ಮೂರನೆಯದು ಶಾಫ್ಟ್‌ನ ಒಳ-ಹೊರ ಆಟ. ಎಲ್ಲರೂ ನಕ್ಕದ್ದು ಇಲ್ಲೇ. "ಶಿಮ್ ಬಿಚ್ಚಿದಷ್ಟು ಹಾಗೇ ಹಾಕಿದ್ರೆ ಆಯ್ತು, ಡಯಲ್ ಗೇಜ್ ಯಾಕೆ?" ಅಂತ. ಆಟ ಎಷ್ಟು ಮಿಲಿಮೀಟರ್ ಅಂತ ತೋರಿಸುವ ಮುಳ್ಳಿನ ಮೀಟರ್ ಅದು. ಈ ಆಕ್ಸಲ್‌ನಲ್ಲಿ ಎರಡು ಕಡೆಯ ಟೇಪರ್ ಬೇರಿಂಗ್‌ಗಳು ಒಂದನ್ನೊಂದು ನಡುವಿನ ಥ್ರಸ್ಟ್ ಬ್ಲಾಕ್ ಮೂಲಕ ಒತ್ತಿ ನಿಲ್ಲುತ್ತವೆ. ಬ್ಲಾಕ್ ಸವೆಯುತ್ತದೆ, ಶಾಫ್ಟ್‌ನ ಒಳತುದಿ ಸವೆಯುತ್ತದೆ, ಬೇರಿಂಗ್ ಸವೆಯುತ್ತದೆ, ಶಿಮ್ ಮಾತ್ರ ಯಾವ ಕಾಲದ್ದೋ ಹಾಗೇ ಇರುತ್ತದೆ. ಪಕ್ಕಕ್ಕೆ ವಾಲಿದ ದಾರಿಯಲ್ಲಿ ಶಾಫ್ಟ್ ಆ ಕಡೆ ಈ ಕಡೆ ಸರಿದಾಡುತ್ತ ಸೀಲ್ ತುಟಿಯನ್ನು ತಿನ್ನುತ್ತದೆ.

ಬಲಗಡೆ ಕಪ್‌ನಲ್ಲಿ ಗುಳಿ ಬಿದ್ದಿತ್ತು, ಕಪ್-ಕೋನ್ (ಹೊರಬಳೆ-ಒಳಬಳೆ) ಜೋಡಿ ಹೊಸದು ಹಾಕಿದೆ, 1,100 ರೂಪಾಯಿ ಇರಬೇಕು. ಆಮೇಲೆ ಬ್ಯಾಕ್ ಪ್ಲೇಟ್ ಬಿಗಿದು, ಎರಡು ಶಾಫ್ಟ್ ತುದಿಗೂ ಸೀಸದ ಸುತ್ತಿಗೆಯಲ್ಲಿ ಒಂದೊಂದು ಏಟು ಕೊಟ್ಟು ಕಪ್ ಕೂರಿಸಿ, ಡಯಲ್ ಇಟ್ಟು ಎಳೆದು ತಳ್ಳಿದರೆ 0.6 ಮಿ.ಮೀ! ಎರಡೂ ಕಡೆಯಿಂದ 10 ಥೌ (ಇಂಚಿನ ಸಾವಿರದಲ್ಲಿ ಹತ್ತು ಭಾಗ, 0.25 ಮಿ.ಮೀ) ಶಿಮ್ ಒಂದೊಂದು ತೆಗೆದೆ, 0.1ಕ್ಕಿಂತ ಕೆಳಗೆ ಬಂತು, ಕೈಗೆ ಬಿಗಿ ಅನ್ನಿಸಿತು. ಎಡಗಡೆ 3 ಥೌ ಒಂದು ವಾಪಸ್ ಸೇರಿಸಿದೆ, 0.17ರ ಹತ್ತಿರ ನಿಂತಿತು. ಅಲ್ಲಿಗೇ ಬಿಟ್ಟೆ. ಶಿಮ್ ಎರಡೂ ಕಡೆ ಹೆಚ್ಚುಕಮ್ಮಿ ಸಮ ಇರಬೇಕು, ಎಲ್ಲ ಒಂದೇ ಕಡೆಯಿಂದ ತೆಗೆದರೆ ಬ್ಲಾಕ್ ನಡುವಿನಿಂದ ಸರಿಯುತ್ತದೆ. ತೀರಾ ಬಿಗಿ ಮಾಡಿದರೆ ಬೇರಿಂಗ್ ಸುಟ್ಟು ನೀಲಿಯಾಗುತ್ತದೆ. ಮೊದಲ ಸಲ ತಗಡು ಕತ್ತರಿಸಿ ಶಿಮ್ ಮಾಡಿದ್ದೆ, ತಿಂಗಳಲ್ಲಿ ಅದು ಚಪ್ಪಟೆಯಾಗಿ ಆಟ ಮತ್ತೆ ಬಂತು. ಅಂಗಡಿಯ ಶಿಮ್ಮೇ ತನ್ನಿ. ಡಯಲ್ ಗೇಜ್ ಮ್ಯಾಗ್ನೆಟ್ ಸ್ಟ್ಯಾಂಡ್ ಸಮೇತ 2,200 ಬಿತ್ತು. ಹೊಸ ಶಾಫ್ಟ್ ಜೋಡಿಗೆ ಹತ್ತು ಸಾವಿರದ ಮಾತಾಡಿದ್ದರು, ಹೌಸಿಂಗ್‌ಗೆ ಹದಿನೈದರ ಮೇಲೆ.

ಶಾಫ್ಟ್ ಹೊರಗಿದ್ದಾಗಲೇ ಸವೆತ ನೋಡಿಬಿಡಬೇಕು. ಸ್ಪ್ಲೈನ್ (ಶಾಫ್ಟ್ ಒಳತುದಿಯ ಉದ್ದ ಹಲ್ಲು) ಮೇಲೆ ಉದ್ದಕ್ಕೆ ಸ್ಟೀಲ್ ಸ್ಕೇಲ್ ಇಡಿ. ಹಲ್ಲಿನ ಗೆರೆ ಸ್ಕೇಲಿನಿಂದ ಒಂದಿಷ್ಟು ತಿರುಚಿದ ಹಾಗೆ ಕಂಡರೂ ಆ ಶಾಫ್ಟ್ ಆಗಲೇ ಸೋತಿದೆ, ಯಾವುದಾದರೂ ಏರಿನಲ್ಲಿ ಮುರಿಯುತ್ತದೆ. ಸೈಡ್ ಗೇರ್ (ಶಾಫ್ಟ್ ತಿರುಗಿಸುವ ಗೇರ್) ಕೂತ ಜಾಗದಲ್ಲಿ ಉಗುರಿಗೆ ಸಿಗುವ ಮೆಟ್ಟಿಲು ಬಿದ್ದಿದ್ದರೆ ಬರೆದಿಟ್ಟುಕೊಳ್ಳಿ, ಮುಂದಿನ ವರ್ಷ ಹೋಲಿಸಬಹುದು. ಕೀ ದಾರಿಯ ಮೂಲೆಯಿಂದ ಕೂದಲೆಳೆ ಬಿರುಕು ಹೊರಡುವುದು ಹೆಚ್ಚು. ಸೀಮೆಎಣ್ಣೆ ಸವರಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ ಹತ್ತು ನಿಮಿಷ ಬಿಟ್ಟರೆ ಬಿರುಕಿದ್ದ ಕಡೆ ಒದ್ದೆ ಗೆರೆ ಮೂಡುತ್ತದೆ.

ಬಿಚ್ಚುವ ಮುಂಚೆಯೇ ಮಾಡುವ ಪರೀಕ್ಷೆ ಒಂದಿದೆ, ನನಗೆ ಬಹಳ ಉಪಯೋಗಕ್ಕೆ ಬಂದದ್ದು. ಚಕ್ರ ಎತ್ತಿ, ಶಾಫ್ಟ್ ತುದಿಯಿಂದ ಹಬ್ ಮುಖದವರೆಗೆ ಒಂದೇ ನೇರ ಗೆರೆ ಪೇಂಟ್‌ನಲ್ಲಿ ಎಳೆಯಿರಿ. ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲ್‌ಗೆ ಬರುವುದು) ಅಲ್ಲಾಡದಂತೆ ಒಬ್ಬರು ಹಿಡಿದುಕೊಂಡಿರಲಿ, ಚಕ್ರವನ್ನು ಹಿಂದೆ ಮುಂದೆ ಆಡಿಸಿ. ಗೆರೆ ಕಡಿದು ಸರಿದರೆ ಕೀ ಅಥವಾ ಟೇಪರ್ ಸವೆದಿದೆ. ಗೆರೆ ಒಂದಾಗಿಯೇ ಇದ್ದು ಚಕ್ರ ಆಡಿದರೆ ಆಟ ಒಳಗಿದೆ, ಸ್ಪ್ಲೈನ್, ಸ್ಪೈಡರ್ ಗೇರ್ (ಡಿಫರೆನ್ಷಿಯಲ್ ಒಳಗಿನ ಚಿಕ್ಕ ಗೇರ್), ಅದರ ಪಿನ್, ವಾಷರ್. ನನ್ನ ಎಡಗಡೆ ಗೆರೆ ಅರ್ಧ ಮಿಲಿಮೀಟರ್ ಸರಿಯಿತು. ಕೀ ಹೊಸದು ಹಾಕಿದೆ, ಟೇಪರ್‌ಗೆ ಗುರುತಿನ ನೀಲಿ ಬಣ್ಣ ಸವರಿ ಹಬ್ ಕೂರಿಸಿ ತೆಗೆದರೆ ಮುಕ್ಕಾಲು ಭಾಗ ಹತ್ತಿತ್ತು, ಸಾಕೆಂದು ಬಿಟ್ಟೆ. ವಾಲ್ವ್ ಪೇಸ್ಟ್ ಹಾಕಿ ಉಜ್ಜುವವರು ಕಮ್ಮಿ ಉಜ್ಜಿ, ಹೆಚ್ಚಾದರೆ ಹಬ್ ಒಳಕ್ಕೆ ಸರಿದು ಡ್ರಮ್ ಬ್ಯಾಕ್ ಪ್ಲೇಟ್‌ಗೆ ಉಜ್ಜುತ್ತದೆ.

ಹಬ್ ತೆಗೆಯಲು ಪುಲ್ಲರ್ (ಸ್ಕ್ರೂ ಬಿಗಿದು ಎಳೆಯುವ ಸಾಧನ) ಬೇಕೇ ಬೇಕು. ಶಾಫ್ಟ್ ತುದಿಗೆ ದೊಡ್ಡ ಸುತ್ತಿಗೆಯಲ್ಲಿ ಹೊಡೆದರೆ ಆ ಏಟು ನೇರ ಥ್ರಸ್ಟ್ ಬ್ಲಾಕ್‌ಗೆ ಹೋಗುತ್ತದೆ. ಪುಲ್ಲರ್ ಬಿಗಿದು ರಾತ್ರಿ ಬಿಟ್ಟರೆ ಬೆಳಗ್ಗೆ ಎಷ್ಟೋ ಸಲ ತಾನೇ ಬಿಟ್ಟಿರುತ್ತದೆ. ವಾಪಸ್ ಹಾಕುವಾಗ ಹಬ್ ನಟ್‌ಗೆ ಕನಿಷ್ಠ 20 ಕೆ.ಜಿ-ಮೀಟರ್, ಅಂದರೆ ಒಂದು ಮೀಟರ್ ಪೈಪಿನ ತುದಿಯಲ್ಲಿ 20 ಕೆ.ಜಿ ತೂಕ. ಪಿನ್ ತೂತು ಹೊಂದದಿದ್ದರೆ ಇನ್ನೂ ಮುಂದಕ್ಕೆ ಬಿಗಿಯಿರಿ, ಯಾವತ್ತೂ ಹಿಂದಕ್ಕೆ ಸಡಿಲಿಸಬೇಡಿ. ಐವತ್ತು ಕಿಲೋಮೀಟರ್ ಓಡಿಸಿ ಪಿನ್ ತೆಗೆದು ಮತ್ತೊಮ್ಮೆ ಬಿಗಿಯಿರಿ. ನನ್ನದು ಆಗ ಕಾಲು ಸುತ್ತು ಹಿಡಿಯಿತು.

ಬ್ರೇಕ್ ಪೈಪ್ ಬಿಚ್ಚಿದಾಗ ಬ್ಲೀಡರ್‌ನ ರಬ್ಬರ್ ಟೋಪಿ ಸಿಕ್ಕಿಸಿದರೆ ಫ್ಲೂಯಿಡ್ ಉಳಿಯುತ್ತದೆ. ಆಯಿಲ್ ಕುಡಿದ ಲೈನರನ್ನು ಪೆಟ್ರೋಲ್‌ನಲ್ಲಿ ತೊಳೆದು ಸುಟ್ಟು ಮತ್ತೆ ಹಾಕಬೇಡಿ. ಮೇಲೆ ಒಣಗಿದ ಹಾಗೆ ಕಂಡರೂ ಇಳಿಜಾರಿನಲ್ಲಿ ಬಿಸಿಯಾದ ಕೂಡಲೇ ಒಳಗಿನ ಆಯಿಲ್ ಮೇಲೆ ಬಂದು ಗಾಡಿ ಒಂದೇ ಕಡೆ ಎಳೆಯುತ್ತದೆ. ಬಿಸಿಲೆ ಘಾಟಿಯಂಥ ಇಳುಕಲಿಗೆ ಅದು ಆಗುವ ಮಾತಲ್ಲ.

ಈಗ ಉಳಿದಿರುವುದು ಮುಂದಿನ ಆಕ್ಸಲ್. ಎಡಗಡೆ ನಕಲ್ ಗುಂಡಿನ (ಸ್ಟೀರಿಂಗ್‌ಗೆ ಚಕ್ರ ತಿರುಗುವ ಕೀಲಿನ) ಕೆಳಗೆ ತೆಳ್ಳಗಿನ ಆಯಿಲ್ ಇಳಿಯುತ್ತಿದೆ, ಗ್ರೀಸ್ ಕರಗಿ ನೀರಾಗಿದೆ. ಡಿಫರೆನ್ಷಿಯಲ್ ಮಟ್ಟವೂ ಎರಡು ಬೆರಳು ಇಳಿದಿರುವುದರಿಂದ ಒಳಸೀಲ್ ಹೋಗಿದೆ ಅನ್ನುವುದು ಖಚಿತ. ಅಲ್ಲೂ ಮೊದಲು ಮುಟ್ಟುವುದು ಬ್ರೀದರನ್ನೇ.