ಸಂಘದ ವಂತಿಗೆ ವಸೂಲಾದ ಬಗೆ

"ವರ್ಷಕ್ಕೊಂದು ಕ್ಯಾಲೆಂಡರ್, ಓಣಕ್ಕೊಂದು ಊಟ. ಅದಕ್ಕೆ ಇಷ್ಟು ದುಡ್ಡು ಸುರಿಯುತ್ತೀಯಾ ಮಾರಾಯ?" ಎಂದು ವಯರಿಂಗ್ ಕೆಲಸದವರ ಸಂಘಕ್ಕೆ ನಾನು ಕಟ್ಟುವ ವಂತಿಗೆ ನೋಡಿ ನಕ್ಕವ ನನ್ನ ಭಾವನೇ. ಅವನೂ ವಯರಿಂಗ್‌ನವನೇ, ಸೀತಾಂಗೋಳಿ ಕಡೆ ಕೆಲಸ. ಹೋದ ತಿಂಗಳು ಅವನೇ ಫೋನು ಮಾಡಿ, ಸಂಘದ ಅರ್ಜಿ ಫಾರಂ ಎಲ್ಲಿ ಸಿಗುತ್ತದೆಂದು ವಿಚಾರಿಸಿದ. ಈಗ ಬರೆದರೆ ತಪ್ಪಿಲ್ಲ ಅನ್ನಿಸಿತು.

ಕಾಸರಗೋಡಿನ ಪೆರ್ಲ, ಬದಿಯಡ್ಕ ಸುತ್ತ ಇಪ್ಪತ್ತೆರಡು ವರ್ಷದಿಂದ ಸ್ವಂತಕ್ಕೆ ವಯರಿಂಗ್ ವಹಿಸಿಕೊಳ್ಳುತ್ತಿದ್ದೇನೆ. ಜೊತೆಗೆ ಇಬ್ಬರು ಹೆಲ್ಪರ್ ಹುಡುಗರು. ಗಡಿಯ ಅಡ್ಕಸ್ಥಳ ದಾಟಿ ಕರ್ನಾಟಕದ ಅಡ್ಯನಡ್ಕ, ವಿಟ್ಲದವರೆಗೂ ಕೆಲಸಕ್ಕೆ ಹೋಗುವುದುಂಟು.

2011ರ ಸುಮಾರಿಗೆ ಒಮ್ಮೆ ಒಂದು ಸಂಘಕ್ಕೆ ಸೇರಿ ಕೈ ಸುಟ್ಟುಕೊಂಡಿದ್ದೆ. ಸಾವಿರದ ಇನ್ನೂರೋ ಏನೋ ಕೊಟ್ಟೆ. ಗುರುತಿನ ಚೀಟಿ ಬಂತು, ಬೈಕಿಗೆ ಅಂಟಿಸುವ ಸ್ಟಿಕ್ಕರ್ ಬಂತು. ಸುತ್ತೋಲೆಗಳೆಲ್ಲ ಮಲಯಾಳದಲ್ಲಿ. ನನಗೆ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಕಲಿತ ನನ್ನ ಪ್ರಾಯದ ಎಷ್ಟೋ ಜನರ ಪಾಡು ಇದೇ. ಶಾಲೆಗೆ ಹೋಗುವ ಮಗಳು ಓದಿ ಹೇಳುವಷ್ಟರಲ್ಲಿ ಅರ್ಜಿಯ ಕೊನೆಯ ದಿನ ದಾಟಿರುತ್ತಿತ್ತು. ಎರಡು ವರ್ಷ ನೋಡಿ ಬಿಟ್ಟೆ.

2016ರಲ್ಲಿ ಹೆಲ್ಪರ್ ಹುಡುಗ ಏಣಿಯಿಂದ ಬಿದ್ದು ತೊಡೆ ಮೂಳೆ ಮುರಿದುಕೊಂಡ. ಮಂಗಳೂರಿಗೆ ಒಯ್ದೆವು. ಹತ್ತಿರ ಹತ್ತಿರ 1,80,000 ಆಯಿತು. "ನಿಮ್ಮ ಹುಡುಗ, ನೀವೇ ನೋಡಿಕೊಳ್ಳಿ" ಎಂದರು ಕೆಲಸ ಮಾಡಿಸುತ್ತಿದ್ದ ಮನೆಯ ಯಜಮಾನರು. ತಪ್ಪೆನ್ನಲಾರೆ. ಹೆಂಡತಿಯ ಬಳೆ ಸೊಸೈಟಿಯಲ್ಲಿ ಅಡವಿಟ್ಟದ್ದು ಬಿಡಿಸಿಕೊಳ್ಳಲು ಎರಡೂವರೆ ವರ್ಷ ಹಿಡಿಯಿತು.

ಆ ಗಾಯ ಮಾಯುವ ಹೊತ್ತಿಗೆ 2020ರ ಮಾರ್ಚ್. ಕೊರೊನಾ ಬಂತು, ತಲಪಾಡಿ ಗಡಿ ಬಂದ್, ಒಳದಾರಿಗಳಿಗೆಲ್ಲ ಮಣ್ಣು ಸುರಿದರು. ವಿಟ್ಲದ ಕಡೆ ಮೂರು ಮನೆಗಳ ಕೆಲಸ ಅರ್ಧಕ್ಕೆ ನಿಂತಿತ್ತು. ದಾರಿ ತೆರೆಯುವಷ್ಟರಲ್ಲಿ ಅವರು ಬೇರೆಯವರಿಂದ ಮುಗಿಸಿಕೊಂಡಿದ್ದರು. ನನಗೆ ಬರಬೇಕಿದ್ದ ಎಂಬತ್ತು ತೊಂಬತ್ತು ಸಾವಿರಕ್ಕೆ ಒಂದು ತುಂಡು ಕಾಗದವೂ ಇರಲಿಲ್ಲ.

ಮರುವರ್ಷ ಬೇರೊಂದು ಸಂಘಕ್ಕೆ ಸೇರಿದೆ. ಈ ಸಲ ದುಡ್ಡು ಕೊಡುವ ಮೊದಲು ಮೂರು ಮೀಟಿಂಗಿಗೆ ಸುಮ್ಮನೆ ಹೋಗಿ, ಹಿಂದಿನ ಬೆಂಚಿನಲ್ಲಿ ಕೂತು ಚಾ ಕುಡಿದೆ. ಭಾಷಣ ಕೇಳಲಿಲ್ಲ. ಅಪಘಾತ ನಿಧಿಗೆ ಎಷ್ಟು ಬಂತು, ಯಾರಿಗೆ ಎಷ್ಟು ಹೋಯಿತು ಎಂದು ಎಲ್ಲರೆದುರು ಓದುತ್ತಾರೋ ಇಲ್ಲವೋ, ಅದನ್ನಷ್ಟೇ ನೋಡಿದೆ. ಅದಕ್ಕಿಂತ ಮೊದಲು ನೋಡಿದ ಒಂದು ಕಡೆ ಲೆಕ್ಕ ಕೇಳಿದವನಿಗೆ "ಮುಂದಿನ ಸಲ" ಎಂದರು. ಚಾ ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದೆ. ಇಲ್ಲಿ ಓದಿದರು. ಸೇರ್ಪಡೆಗೆ ಸಾವಿರ, ವರ್ಷಕ್ಕೆ ಆರುನೂರು, ನಿಧಿಗೆ ತಿಂಗಳಿಗೆ ನೂರು.

ಮೊದಲ ಲಾಭ ಬಂದದ್ದು ಸಂಘದ ಕರಾರು ಪತ್ರದಿಂದ. ಮೊದಲೆಲ್ಲ ಬಾಯಿ ಮಾತು, ಕೊನೆಯ ಕಂತು ಯಾವಾಗಲೂ "ಒಕ್ಕಲು ಆಗಲಿ ಮಾರಾಯ್ರೇ" ಎಂದು ಗೃಹಪ್ರವೇಶದವರೆಗೆ ನಿಲ್ಲುತ್ತಿತ್ತು. ಈಗ ಕಾಂಕ್ರೀಟಿಗೆ ಮೊದಲು ಪೈಪು ಹಾಕಿದಾಗ ಒಂದು ಕಂತು, ಸಾರಣೆಗೆ ಮೊದಲು ಒಂದು, ವಯರ್ ಎಳೆದ ಮೇಲೆ ಒಂದು. ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಕನೆಕ್ಷನ್ ಆದ ದಿನಕ್ಕೆ ಉಳಿಯುವುದು ನೂರಕ್ಕೆ ಹತ್ತು. ಆದರೂ ಒಬ್ಬರು 42,000 ಹಿಡಿದಿಟ್ಟರು. ಸಂಘದ ಇಬ್ಬರು ಹಿರಿಯರು ಅವರ ಮನೆಗೆ ಹೋಗಿ ಅಡಿಕೆ ರೇಟು, ಮಳೆ ಮಾತಾಡಿ ಕಾಫಿ ಕುಡಿದು ಬಂದರು. ಎರಡನೇ ಸಲವೂ ಹಾಗೆಯೇ. ಮೂರನೇ ಸಲ ಚೆಕ್ಕು ಸಿಕ್ಕಿತು. ಕಂತಿನ ತಾರೀಕು ತಪ್ಪದ ಹಾಗೆ ನಾನು ಮಾಡುವ ಇನ್ನೊಂದು ಉಪಾಯ ಉಂಟು. ಈ ಊರಲ್ಲೇ ಇನ್ನೂ ದುಡಿಯಬೇಕಾದ್ದರಿಂದ ಅದನ್ನು ಬರೆಯುವುದಿಲ್ಲ.

ಹನ್ನೆರಡು ಜನ ಒಟ್ಟಾಗಿ ವಯರ್ ತರಿಸಿದ್ದು ಮಾತ್ರ ಮೊದಲ ಸಲ ಮಂಗಳಾರತಿಯಾಯಿತು. ನೂರಕ್ಕೆ ಎಂಟು ಒಂಬತ್ತು ರೂಪಾಯಿ ಕಡಿಮೆಗೆ ಸಿಕ್ಕಿತೆಂಬ ಖುಷಿಯಲ್ಲಿ ಎಲ್ಲ ಬಣ್ಣವನ್ನೂ ಸಮಸಮ ತೆಗೆದೆವು. ನಮ್ಮ ಮನೆಗಳು ಹೆಚ್ಚಿನವು ಸಿಂಗಲ್ ಫೇಸ್. ಅದಕ್ಕೆ ಬೇಕಾದ ಕೆಂಪು, ಕಪ್ಪು, ಹಸಿರು ಮೊದಲ ತಿಂಗಳಲ್ಲೇ ಖಾಲಿ, ಮೂರು ಫೇಸಿಗೆ ಬೇಕಾಗುವ ಹಳದಿ ನೀಲಿ ಸುರುಳಿಗಳು ಒಂದೂವರೆ ವರ್ಷ ನನ್ನ ಅಟ್ಟದಲ್ಲಿ. ಅಷ್ಟರಲ್ಲಿ ತಾಮ್ರದ ರೇಟೂ ಇಳಿಯಿತು. ಎರಡನೇ ಸಲದಿಂದ ಲೆಕ್ಕ ನಾನೇ ಬರೆಯುತ್ತೇನೆ, ಆಮೇಲೆ ಒಂದು ಸುರುಳಿ ಉಳಿದದ್ದಿಲ್ಲ.

ಅರ್ಥಿಂಗ್ ಗುಂಡಿಯಿಂದ ನೆಲಕ್ಕೆ ಕರೆಂಟು ಎಷ್ಟು ಸಲೀಸಾಗಿ ಇಳಿಯುತ್ತದೆಂದು ಓಂ ಲೆಕ್ಕದಲ್ಲಿ ಅಳೆಯುವ ಅರ್ಥ್ ಟೆಸ್ಟರ್ ಒಂದನ್ನು ಸಂಘ ತೆಗೆದಿಟ್ಟಿದೆ, ಸರದಿಯಲ್ಲಿ ಸಿಗುತ್ತದೆ. ಓಂ ಕಡಿಮೆಯಾದಷ್ಟೂ ಒಳ್ಳೆಯದು. ಅದು ಕೈಗೆ ಬಂದ ಮೇಲೆ ನನಗೆ ಹುಚ್ಚು ಹಿಡಿಯಿತು. ಮುರಕಲ್ಲಿನ ನೆಲದಲ್ಲಿ ಅರ್ಥಿಂಗ್ ಬಹಳ ಕಷ್ಟ. ಜುಲೈಯಲ್ಲಿ 4 ಓಂ ತೋರಿಸಿದ ನನ್ನದೇ ಮನೆಯ ಗುಂಡಿ ಏಪ್ರಿಲ್‌ನಲ್ಲಿ 17 ದಾಟಿತು. ಉಪ್ಪು ಹೆಚ್ಚು ಹಾಕಿದ್ದ ಇನ್ನೊಂದು ಹಳೆಯ ಗುಂಡಿಯಲ್ಲಿ ಓಂ ಕಡಿಮೆ ಇತ್ತು, ಆದರೆ ಆರೇ ವರ್ಷಕ್ಕೆ ಜಿಐ ಪೈಪು ತಿಂದುಹೋಗಿತ್ತು. ಕೊನೆಗೆ ಉಪ್ಪು ಬಿಟ್ಟು ಇದ್ದಿಲು ತುಂಬಿ, ಬಚ್ಚಲ ನೀರು ಗುಂಡಿಯ ಬದಿಗೆ ಹರಿಯುವಂತೆ ಮಾಡಿದೆ. ಬೇಸಗೆಯಲ್ಲೂ ಆರರ ಆಚೀಚೆ ನಿಲ್ಲುತ್ತದೆ. ಇದ್ದಿಲಿನ ಜೊತೆ ಇನ್ನೇನು ಬೆರೆಸುತ್ತೇನೆಂಬುದು ಹೆಲ್ಪರ್ ಹುಡುಗರಿಗೆ ಮಾತ್ರ ಗೊತ್ತು.

ಹುಡುಗರ ವಿಷಯ. ಇಬ್ಬರನ್ನೂ ನಿರ್ಮಾಣ ಕಾರ್ಮಿಕರ ಕ್ಷೇಮನಿಧಿಗೆ ಸೇರಿಸುವ ಕಾಗದಪತ್ರ ಮಾಡಿಕೊಟ್ಟದ್ದು ಸಂಘದವರು. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ನಾನು ಮೊದಲೇ ಮಾಡಿಸಿದ್ದೆ. ಅದು ಸತ್ತರೆ ಅಥವಾ ಶಾಶ್ವತ ಅಂಗವಿಕಲತೆಯಾದರೆ ಮಾತ್ರ, ಮುರಿದ ಕಾಲಿನ ಆಸ್ಪತ್ರೆ ಬಿಲ್ಲಿಗೆ ಬಿಡಿಗಾಸು ಕೊಡುವುದಿಲ್ಲ. 2023ರಲ್ಲಿ ಚಿಕ್ಕವನು ಜಾರಿ ಮಣಿಕಟ್ಟು ಮುರಿದುಕೊಂಡಾಗ ಸಂಘದ ನಿಧಿಯಿಂದ ಹತ್ತೇ ದಿನದಲ್ಲಿ 15,000 ಬಂತು. ಖರ್ಚಾದದ್ದು ಇಪ್ಪತ್ತರ ಹತ್ತಿರ. ಬಳೆ ಪೆಟ್ಟಿಗೆಯಲ್ಲೇ ಉಳಿಯಿತು.

ಒಟ್ಟು ನಾನು ಕೊಟ್ಟದ್ದು ಈವರೆಗೆ ಒಂಬತ್ತು ಹತ್ತು ಸಾವಿರ ಇರಬಹುದು. ಸನ್ಮಾನ, ಹಾರ, ಸಮ್ಮೇಳನದ ಬಸ್ಸು ಎಂದು ಆಗಾಗ ಕೀಳುವುದು ಬೇರೆ, ಅದರ ಬಗ್ಗೆ ನನ್ನ ತಕರಾರು ಇನ್ನೂ ಉಂಟು. ವರ್ಷವಿಡೀ ಒಬ್ಬನೇ ಬಿಲ್ಡರ್‌ನ ಕೆಲಸ ಮಾಡುವವನಿಗೆ ಇದೆಲ್ಲ ಬೇಕೆಂದು ನನಗನ್ನಿಸುವುದಿಲ್ಲ. ಹತ್ತು ಮನೆ ಬಾಗಿಲು ತಟ್ಟುವ ನಮ್ಮಂಥವರ ಲೆಕ್ಕ ಬೇರೆ. ಸುತ್ತೋಲೆಯ ಜಗಳವನ್ನೂ ಆಡಿ ಮುಗಿಸಿದೆ: ನಮ್ಮ ಘಟಕದಲ್ಲಿ ಮೂರರಲ್ಲೊಬ್ಬ ಕನ್ನಡದವ, ಒಂದು ಪುಟ ಕನ್ನಡದಲ್ಲಿ ನಾನೇ ಬರೆದು ವಾಟ್ಸಾಪಿಗೆ ಹಾಕುತ್ತೇನೆ. ಈಗ ಮಲಯಾಳದವರೂ ತಾರೀಕು ನನ್ನನ್ನೇ ಕೇಳುತ್ತಾರೆ.

ಆದರೆ ಹಿರಿಯರ ಕಾಫಿ ಅಡ್ಕಸ್ಥಳದಿಂದಾಚೆಗೆ ನಡೆಯುವುದಿಲ್ಲ. ವಿಟ್ಲದ ಆ ದುಡ್ಡು ಇಂದಿಗೂ ಬಂದಿಲ್ಲ. ಆ ಕಡೆಯ ಕೆಲಸ ಬಂದರೆ ಈಗ ಅರ್ಧ ಹಣ ಕೈಗೆ ಬಂದ ಮೇಲೆಯೇ ಏಣಿ ಜೀಪಿಗೆ ಏರಿಸುತ್ತೇನೆ.