ಮೂರು ಬಾಟಲಿ, ಎರಡು ಪೈಪು: ಪುಟ್ಟ ಮಕ್ಕಳಿಗೆ ಹೃದಯದ ಪಾಠ

ಐದರಿಂದ ಎಂಟು ವರ್ಷದ ಮಕ್ಕಳಿಗೆ ಹೃತ್ಕರ್ಣ, ಹೃತ್ಕುಕ್ಷಿ ಎಂಬ ಹೆಸರುಗಳು ಸದ್ಯಕ್ಕೆ ಬೇಡ. ಮೇಲೆ ಎರಡು ಕೋಣೆ, ಕೆಳಗೆ ಎರಡು ಕೋಣೆ, ಒಂದೇ ಕಡೆಗೆ ತೆರೆಯುವ ಬಾಗಿಲುಗಳು, ಇಷ್ಟು ಸಾಕು. ಹೃದಯ ಹಿಂಡುತ್ತದೆ ಎಂದು ಎಲ್ಲರೂ ಹೇಳಿಕೊಡುತ್ತಾರೆ, ಹಿಂಡಿದ ರಕ್ತ ವಾಪಸ್ಸು ಯಾಕೆ ಬರುವುದಿಲ್ಲ ಎಂಬುದನ್ನು ಬಿಟ್ಟುಬಿಡುತ್ತಾರೆ. ಪಾಠದ ಜೀವ ಇರುವುದೇ ಅಲ್ಲಿ.

ಮೊದಲು ಸದ್ದು ಕೇಳಿಸಿ. ಮಗು ಮುಷ್ಟಿ ಕಟ್ಟಿ ಎದೆಯ ಮೇಲಿಡಲಿ. ಅದರ ಹೃದಯವೂ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ಹಲವರು ಕೈಯನ್ನು ತೀರಾ ಎಡಕ್ಕೆ ಒಯ್ಯುತ್ತಾರೆ. ಎದೆಯ ನಡುವೆ, ತುಸು ಎಡಕ್ಕೆ ಇಡಿಸಿ. ಡ್ರಾಯಿಂಗ್ ಹಾಳೆಯನ್ನು 3 ಸೆಂ.ಮೀ. ಅಗಲದ ಕೊಳವೆಯಾಗಿ ಸುತ್ತಿ ಟೇಪ್ ಹಚ್ಚಿ, ಒಬ್ಬರ ಎದೆಗೆ ಇನ್ನೊಬ್ಬರು ಕಿವಿ ಕೊಡಲಿ. 1816ರಲ್ಲಿ ಪ್ಯಾರಿಸ್‌ನ ವೈದ್ಯ ಲೆನೆಕ್ ಸ್ಟೆತೊಸ್ಕೋಪನ್ನು ಶುರುಮಾಡಿದ್ದೂ ಕಾಗದದ ಸುರುಳಿಯಿಂದಲೇ. ಫ್ಯಾನ್ ಆರಿಸಿ, ದಪ್ಪ ಬಟ್ಟೆಯಿದ್ದರೆ ಉಜ್ಜುವ ಸದ್ದೇ ಕೇಳುತ್ತದೆ. ಲಬ್-ಡಬ್ ಎಂಬುದು ಬಾಗಿಲುಗಳು ಮುಚ್ಚಿಕೊಳ್ಳುವ ಸದ್ದು ಎಂದು ಈಗಲೇ ಹೇಳಿಬಿಡಿ.

ನಂತರ ಬಾಟಲಿ. ಬೇಕಾದದ್ದು ತಂಪು ಪಾನೀಯದ ಅರ್ಧ ಲೀಟರಿನ ಮೂರು ಬಾಟಲಿ. ನೀರಿನ ತೆಳು ಬಾಟಲಿ ಒಮ್ಮೆ ಹಿಂಡಿದರೆ ಚಪ್ಪಟೆಯಾಗಿ ಉಳಿಯುತ್ತದೆ, ನೀರು ಎಳೆದುಕೊಳ್ಳುವುದಿಲ್ಲ. ಮೀನಿನ ತೊಟ್ಟಿಗೆ ಗಾಳಿ ಬಿಡುವ ಪೈಪಿನ ಎರಡು ತುಂಡು ಸಾಕು, 55 ಸೆಂ.ಮೀ.ನದೊಂದು, 40 ಸೆಂ.ಮೀ.ನದೊಂದು. ಸಾಧಾರಣ ಪ್ಲಾಸ್ಟಿಕ್ಕಿನದೇ ಕೊಳ್ಳಿ; ಸಿಲಿಕಾನ್ ಪೈಪಿಗೆ ಎಂ-ಸೀಲ್ ಅಂಟದು.

ಕಾಯಿಸಿದ ಮೊಳೆಯಿಂದ ಮುಚ್ಚಳಗಳಿಗೆ ದೊಡ್ಡವರೇ ತೂತು ಹಾಕಬೇಕು. ಉದ್ದದ ಪೈಪು ಮೊದಲ ಬಾಟಲಿಯ ತಳದಿಂದ ನಡುವಿನದರ ತಳಕ್ಕೆ, ಗಿಡ್ಡದು ನಡುವಿನದರ ತಳದಿಂದ ಮೂರನೆಯದರ ಕತ್ತಿನವರೆಗೆ. ಮೊದಲ ಮತ್ತು ಕೊನೆಯ ಮುಚ್ಚಳಕ್ಕೆ ಗಾಳಿಯಾಡಲು ಇನ್ನೊಂದು ಸಣ್ಣ ತೂತು. ನಡುವಿನ ಮುಚ್ಚಳಕ್ಕೆ ಅದು ಕೂಡದು. ಪೈಪಿನ ಸುತ್ತ ಎಂ-ಸೀಲ್ ಮೆತ್ತಿ ಒಂದು ರಾತ್ರಿ ಒಣಗಲು ಬಿಡಿ. ಬೀಟ್‌ರೂಟ್ ಬೇಯಿಸಿದ ನೀರನ್ನು ಆರಿಸಿ ಮೊದಲ ಎರಡಕ್ಕೆ ತುಂಬಿ.

ಒಬ್ಬರು ಉದ್ದದ ಪೈಪು ಚಿವುಟಿ ಹಿಡಿಯಲಿ, ಇನ್ನೊಬ್ಬರು ನಡುವಿನ ಬಾಟಲಿ ಹಿಂಡಲಿ. ನೀರು ಮೂರನೆಯದಕ್ಕೆ ಹೋಗುತ್ತದೆ. ಹಿಂಡಿದ ಕೈ ಸಡಿಲಿಸುವ ಮುಂಚೆ ಮೂರನೆಯವರು ಗಿಡ್ಡ ಪೈಪು ಚಿವುಟಬೇಕು, ಮೊದಲನೆಯವರು ಬಿಡಬೇಕು. ಈಗ ಬಾಟಲಿ ಉಬ್ಬುತ್ತಾ ಮೊದಲನೆಯದರಿಂದ ನೀರೆಳೆಯುತ್ತದೆ. ಮೊದಮೊದಲು ಪೈಪಿನ ಗಾಳಿಯೇ ಬಂದೀತು, ನಾಲ್ಕಾರು ಸಲ ಹಿಂಡಲಿ. ಆಗಲೂ ಆಗದಿದ್ದರೆ ನಡುವಿನ ಮುಚ್ಚಳದಲ್ಲಿ ಗಾಳಿ ಸೋರುತ್ತಿದೆ ಎಂದರ್ಥ. ಕೈಪಳಗಿದ ಮೇಲೆ ಬೇಕೆಂದೇ ಉದ್ದದ ಪೈಪು ಚಿವುಟದೆ ಹಿಂಡಿಸಿ. ನೀರು ಹಿಂದಕ್ಕೆ ನುಗ್ಗುತ್ತದೆ. ಪೈಪು ಚಿವುಟುವ ಬೆರಳುಗಳೇ ಇಲ್ಲಿ ಬಾಗಿಲು; ಹೃದಯದ ಬಾಗಿಲು, ಅಂದರೆ ಕವಾಟ, ಸರಿಯಾಗಿ ಮುಚ್ಚದಿದ್ದರೆ ಆಗುವುದೂ ಇದೇ. ನೆನಪಿರಲಿ, ಇದು ಹೃದಯದ ಎಡ ಅರ್ಧ ಮಾತ್ರ. ಮೊದಲ ಬಾಟಲಿ ಮೇಲಿನ ಕೋಣೆ, ನಡುವಿನದು ಕೆಳಗಿನ ಕೋಣೆ, ಮೂರನೆಯ ಬಾಟಲಿಯೆಂದರೆ ದೇಹ.

ನಾಡಿ ಎಣಿಕೆ ಬೇಗ ಮುಗಿಯುತ್ತದೆ. ಮಣಿಕಟ್ಟಿನಲ್ಲಿ ಹೆಬ್ಬೆರಳ ಬುಡಕ್ಕೆ ಎರಡು ಬೆರಳಿಡಲಿ. ಹೆಬ್ಬೆರಳಿನಿಂದ ಒತ್ತಿದರೆ ಅದರದೇ ನಾಡಿ ಸಿಕ್ಕಿ ಲೆಕ್ಕ ತಪ್ಪುತ್ತದೆ. ಪೂರಾ ನಿಮಿಷ ಎಣಿಸುವ ತಾಳ್ಮೆ ಮಕ್ಕಳಿಗಿಲ್ಲ, 15 ಸೆಕೆಂಡು ಎಣಿಸಿದ್ದನ್ನು ನೀವು ನಾಲ್ಕರಿಂದ ಗುಣಿಸಿ. ಒಂದು ನಿಮಿಷ ಕುಣಿಸಿ ಮತ್ತೆ ಎಣಿಸಿ. ಹೃದಯದ ತೊಂದರೆ, ಉಬ್ಬಸ ಇರುವ ಮಗುವಿಗೆ ಕುಣಿತ ಬೇಡ, ಗಡಿಯಾರ ಕೊಡಿ.

ಕೊನೆಗೆ ಅಂಗಳದಲ್ಲಿ ಸೀಮೆಸುಣ್ಣದಿಂದ ಮೂರು ಮೀಟರಿನ ಹೃದಯ. ಪುಸ್ತಕದ ಚಿತ್ರದಲ್ಲಿ ಬಲಗೋಣೆ ನಮ್ಮ ಎಡಕ್ಕಿರುವುದು ದೊಡ್ಡವರನ್ನೂ ಗೊಂದಲಕ್ಕೆ ಬೀಳಿಸುತ್ತದೆ. ಒಂದು ಮಗುವನ್ನು ಚಿತ್ರದ ಮೇಲೆ ಅಂಗಾತ ಮಲಗಿಸಿದರೆ ಸರಿಹೋಗುತ್ತದೆ. ಮಕ್ಕಳೇ ರಕ್ತವಾಗಿ ನಡೆಯಬೇಕಾದ ದಾರಿ: ದೇಹ, ಬಲ ಮೇಲ್ಗೋಣೆ, ಬಲ ಕೆಳಗೋಣೆ, ಶ್ವಾಸಕೋಶ, ಎಡ ಮೇಲ್ಗೋಣೆ, ಎಡ ಕೆಳಗೋಣೆ, ಮತ್ತೆ ದೇಹ. ಶ್ವಾಸಕೋಶದಲ್ಲಿ ಕಡುಗೆಂಪು ಚೀಟಿ (ಆಮ್ಲಜನಕ ಕಡಿಮೆಯಿರುವ ರಕ್ತ) ಕೊಟ್ಟು ಕೆಂಪು ಚೀಟಿ (ಆಮ್ಲಜನಕ ತುಂಬಿದ ರಕ್ತ) ಪಡೆಯಲಿ. ನೀಲಿ ಚೀಟಿ ಬೇಡವೇ ಬೇಡ, ನಮ್ಮ ರಕ್ತ ಎಲ್ಲೂ ನೀಲಿಯಿಲ್ಲ. ಒಂದು ಚಪ್ಪಾಳೆಗೆ ಮೇಲಿನವರು ಕೆಳಕ್ಕೆ, ಎರಡನೆಯದಕ್ಕೆ ಕೆಳಗಿನವರು ಹೊರಕ್ಕೆ. ಎಡ-ಬಲ ಎರಡೂ ಕಡೆಯವರು ಒಟ್ಟಿಗೇ ಹೆಜ್ಜೆಯಿಡಬೇಕು.